ಕೀಳಿಸಬೇಕೆ, ಉಳಿಸಿಕೊಳ್ಳಬೇಕೆ? ಹಲ್ಲಿನ ಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಹಲ್ಲು ಮತ್ತು ವಸಡಿನ ಚಿಕಿತ್ಸೆಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಳ್ಳಲಾಗಿತ್ತು. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲ್ಲೆಲ್ಲಿಂದಲೋ ಹೊರಟರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಈ ಹಲ್ಲನ್ನು ಕೀಳಿಸಿಬಿಡಲೇ, ಉಳಿಸಿಕೊಳ್ಳಲೇ, ಕೀಳಿಸಿದರೆ ಆ ಜಾಗಕ್ಕೆ ಏನು ಮಾಡಲಿ? ಒಂದೇ ಬಗೆಯ ಪತ್ರಗಳನ್ನು ಕೂಡಿಸಿ, ಹೆಚ್ಚು ಜನರಿಗೆ ಅನ್ವಯಿಸುವಂಥವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬಾಯಿ ನೋಡದೆ, ಎಕ್ಸ್‌ರೇ ನೋಡದೆ ಹೇಳಬಹುದಾದಷ್ಟನ್ನು ಮಾತ್ರ ಹೇಳಿದ್ದೇನೆ.

ಪ್ರಶ್ನೆ: ನನಗೆ 42 ವರ್ಷ. ಕೆಳಗಿನ ಬಲಭಾಗದ ದವಡೆ ಹಲ್ಲು ಹುಳುಕಾಗಿ, ಎರಡು ವಾರ ರಾತ್ರಿ ನಿದ್ದೆ ಬಾರದಷ್ಟು ನೋವಿತ್ತು. ಆಮೇಲೆ ತಾನಾಗಿಯೇ ನಿಂತುಹೋಯಿತು. ಈಗ ಬಿಸಿ ಚಹಾ ಕುಡಿದರೂ ಜುಮ್ಮೆನ್ನುವುದಿಲ್ಲ, ತಣ್ಣೀರು ಕುಡಿದರೂ ಇಲ್ಲ. ಆದರೂ ದಂತವೈದ್ಯರು ಚೀಟಿಯ ಮೇಲೆ 46 ಎಂದು ಬರೆದು, ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಲೇಬೇಕು ಎನ್ನುತ್ತಾರೆ. ನೋವಿಲ್ಲದ ಹಲ್ಲಿಗೆ ಚಿಕಿತ್ಸೆ ಏಕೆ? ಕ್ಯಾಪ್ ನಿಜವಾಗಿಯೂ ಬೇಕೇ, ಇಲ್ಲ ಬಿಲ್ ಹೆಚ್ಚಿಸುವ ಉಪಾಯವೇ? (ಶಾಲಾ ಶಿಕ್ಷಕಿ, ಜಮಖಂಡಿ)

ಉತ್ತರ: ನಿಮ್ಮ ನೋವು ನಿಂತದ್ದು ರೋಗ ವಾಸಿಯಾದದ್ದರಿಂದಲ್ಲ, ಹಲ್ಲಿನೊಳಗಿನ ತಿರುಳು ಸತ್ತುಹೋದದ್ದರಿಂದ ಎಂದೇ ನೀವು ಬರೆದ ಲಕ್ಷಣಗಳು ಹೇಳುತ್ತವೆ. ಹಲ್ಲಿನ ಹೊರಗೆ ಗಟ್ಟಿಯಾದ ಎನಾಮೆಲ್, ಅದರೊಳಗೆ ಡೆಂಟಿನ್, ನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳು ಇರುತ್ತದೆ. ಹುಳುಕು ತಿರುಳನ್ನು ಮುಟ್ಟಿದಾಗ ಅದು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆ ಇರುವುದರಿಂದ ಆ ಊತಕ್ಕೆ ಹಿಗ್ಗಲು ಜಾಗವಿಲ್ಲ, ಆದ್ದರಿಂದಲೇ ರಾತ್ರಿ ಮಲಗಿದಾಗ ತಲೆ ಸಿಡಿಯುವಂಥ ನೋವು. ಕೆಲವು ದಿನಗಳಲ್ಲಿ ನರ ಸತ್ತು ನೋವು ಹೋಗುತ್ತದೆ. ಸತ್ತ ತಿರುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಮಾತ್ರ ಬೇರಿನ ತುದಿಯ ರಂಧ್ರದಿಂದ ದವಡೆಯ ಎಲುಬಿಗೆ ಇಳಿಯುತ್ತಲೇ ಇರುತ್ತವೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆಯಂತೆ ಕಾಣುವುದು ಅದೇ. ತಿಂಗಳುಗಳ ನಂತರ ಒಂದು ದಿನ ಗಲ್ಲ ಬಾತುಕೊಂಡು, ಕೀವು ಕಟ್ಟಿ, ಜ್ವರ ಬಂದಾಗ ಜನ ಇದು ಹೊಸ ರೋಗವೆಂದು ತಿಳಿಯುತ್ತಾರೆ. ಮೆಡಿಕಲ್ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಮಾತ್ರೆ ಆ ಊತವನ್ನು ತಾತ್ಕಾಲಿಕವಾಗಿ ಇಳಿಸಬಹುದು. ರಕ್ತ ಸಂಚಾರವೇ ಇಲ್ಲದ ಸತ್ತ ತಿರುಳಿನೊಳಕ್ಕೆ ಔಷಧ ತಲುಪುವುದಿಲ್ಲವಾದ್ದರಿಂದ ಮೂಲ ಹಾಗೆಯೇ ಉಳಿಯುತ್ತದೆ.

ಚೀಟಿಯಲ್ಲಿರುವ 46 ಎಂಬುದು ಹಲ್ಲಿನ ಗುರುತು: 4 ಎಂದರೆ ಬಾಯಿಯ ಕೆಳಗಿನ ಬಲಭಾಗ, 6 ಎಂದರೆ ನಡುಗೆರೆಯಿಂದ ಆರನೆಯ ಹಲ್ಲು. ಸುಮಾರು ಆರನೆಯ ವಯಸ್ಸಿಗೆ ಹುಟ್ಟುವ ಈ ಹಲ್ಲನ್ನು ಹಾಲುಹಲ್ಲೆಂದು ಭಾವಿಸಿ ತಂದೆತಾಯಿಗಳು ಅಲಕ್ಷಿಸುವುದರಿಂದ, ಶಾಶ್ವತ ಹಲ್ಲುಗಳಲ್ಲಿ ಮೊದಲು ಹುಳುಕಾಗುವುದು ಹೆಚ್ಚಾಗಿ ಇದೇ. ಅಗಿಯುವ ಕೆಲಸದ ದೊಡ್ಡ ಪಾಲು ಹೊರುವುದೂ ಇದೇ. ಇದಕ್ಕೆ ಸಾಮಾನ್ಯವಾಗಿ ಎರಡು ಬೇರು, ಅವುಗಳೊಳಗೆ ಮೂರು, ಕೆಲವೊಮ್ಮೆ ನಾಲ್ಕು ನಾಳಗಳಿರುತ್ತವೆ. ರೂಟ್ ಕೆನಾಲ್ ಎಂದರೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಉಗುಳು ಒಳಸೇರದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಹಲ್ಲಿನ ಮೇಲ್ಭಾಗದಿಂದ ದಾರಿ ಮಾಡಿಕೊಂಡು, ಸೂಜಿಯಂಥ ಸಣ್ಣ ಫೈಲುಗಳಿಂದ ಈ ನಾಳಗಳನ್ನು ತುದಿಯವರೆಗೂ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಕೊನೆಗೆ ಗಟ್ಟಾಪರ್ಚಾ ಎಂಬ ವಸ್ತುವಿನಿಂದ ಮುಚ್ಚುವುದು. ಗಟ್ಟಾಪರ್ಚಾ ಮಲಯ ಪ್ರದೇಶದ ಒಂದು ಮರದ ಹಾಲಿನಿಂದ ಬರುತ್ತದೆ. 19ನೇ ಶತಮಾನದಲ್ಲಿ ಸಮುದ್ರದಡಿಯ ತಂತಿ ಕೇಬಲ್‌ಗಳಿಗೆ ಹೊದಿಕೆಯಾಗಿದ್ದೂ ಇದೇ. ಅಷ್ಟು ಕಾಲವಾದರೂ ಇದರ ಬದಲಿಗೆ ಇನ್ನೊಂದು ವಸ್ತು ಗಟ್ಟಿಯಾಗಿ ನೆಲೆ ನಿಂತಿಲ್ಲ.

ಕ್ಯಾಪ್ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದು ಸರಿ. ಹುಳುಕು ತಿಂದದ್ದು ಒಂದಿಷ್ಟು, ಚಿಕಿತ್ಸೆಗಾಗಿ ಕೊರೆದದ್ದು ಒಂದಿಷ್ಟು, ಉಳಿದ ತೆಳು ಗೋಡೆಗಳ ಮೇಲೆ ದಿನವೂ ಖಡಕ್ ರೊಟ್ಟಿಯ ಭಾರ ಬೀಳುತ್ತದೆ. ರೂಟ್ ಕೆನಾಲ್ ಆಯಿತು, ನೋವು ಹೋಯಿತು, ಕ್ಯಾಪ್ ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಹೋದವರು ಕರದಂಟು ಕಚ್ಚಿ ಹಲ್ಲನ್ನು ನೆತ್ತಿಯಿಂದ ಬೇರಿನವರೆಗೆ ಎರಡು ಹೋಳು ಮಾಡಿಕೊಂಡು ಬರುವುದನ್ನು ಎಲ್ಲ ದಂತವೈದ್ಯರೂ ನೋಡಿರುತ್ತಾರೆ. ಬೆರಳಿನಿಂದ ಒತ್ತಿದರೆ ಎರಡು ಹೋಳುಗಳು ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಬಿರುಕು ವಸಡಿನ ಕೆಳಗೆ ಇಳಿದಿದ್ದರೆ ಆ ಹಲ್ಲನ್ನು ಕೀಳದೆ ಬೇರೆ ದಾರಿಯಿಲ್ಲ, ಖರ್ಚು ಮಾಡಿದ್ದೆಲ್ಲ ವ್ಯರ್ಥ. ಮುಂಭಾಗದ ಹಲ್ಲಿಗೆ ಸಣ್ಣ ರಂಧ್ರವಷ್ಟೇ ಆಗಿದ್ದರೆ ಕ್ಯಾಪ್ ಇಲ್ಲದೆಯೂ ನಡೆಯುತ್ತದೆ. ದವಡೆ ಹಲ್ಲಿಗೆ ಆ ರಿಯಾಯಿತಿ ಬಹುಮಟ್ಟಿಗೆ ಇಲ್ಲ. ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಲೇಪಿಸಿದ್ದು, ಜಿರ್ಕೋನಿಯಾದ್ದು ಹೀಗೆ ಹಲವು ಬಗೆಯ ಕ್ಯಾಪ್‌ಗಳಿವೆ. ಹಿಂದಿನ ಹಲ್ಲಿಗೆ ನೋಟಕ್ಕಿಂತ ಗಟ್ಟಿತನ ಮುಖ್ಯವಾದ್ದರಿಂದ, ಕೈ ಬಿಗಿಯಿದ್ದರೆ ಲೋಹದ ಕ್ಯಾಪ್ ಹಾಕಿಸಿಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ.

ಪ್ರಶ್ನೆ: ಹತ್ತು ವರ್ಷದ ಹಿಂದೆ ಬೆಳ್ಳಿ ಬಣ್ಣದ ಸಿಮೆಂಟ್ ತುಂಬಿಸಿದ್ದೆ. ಒಂದು ಹಲ್ಲಿನದು ಕಿತ್ತುಬಂದಿದೆ, ಇನ್ನೆರಡು ಗಟ್ಟಿಯಾಗಿವೆ. ಅದರಲ್ಲಿ ಪಾದರಸ ಇರುವುದರಿಂದ ಎಲ್ಲವನ್ನೂ ತೆಗೆಸಿ ಬಿಳಿಯದನ್ನೇ ಹಾಕಿಸು ಎಂದು ಗೆಳೆಯರು ಹೇಳುತ್ತಾರೆ. (ವ್ಯಾಪಾರಿ, 38 ವರ್ಷ, ಗೋಕಾಕ)

ಉತ್ತರ: ಗಟ್ಟಿಯಾಗಿರುವ ಎರಡನ್ನು ಮುಟ್ಟಬೇಡಿ. ಅಮಾಲ್ಗಮ್ ಎಂಬ ಆ ಮಿಶ್ರಣದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪಾದರಸವೇ ಇರುವುದು ನಿಜ. ಆದರೆ ಅದು ಬೆಳ್ಳಿ, ತವರ, ತಾಮ್ರಗಳೊಡನೆ ಬೆರೆತು ಗಟ್ಟಿಯಾಗಿರುತ್ತದೆ. ಕೆಡದ ಫಿಲ್ಲಿಂಗನ್ನು ಹೆದರಿಕೆಯಿಂದ ಕೊರೆಸಿದರೆ ಪಾದರಸದ ಆವಿ ಆಗಲೇ ಹೆಚ್ಚು ಏಳುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಆದ ಮಿನಮಾಟ ಒಪ್ಪಂದಕ್ಕೆ ಭಾರತವೂ ಸೇರಿದೆ. 15 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರಿಗೆ ಇದನ್ನು ಬಳಸಬಾರದೆಂಬುದು ಅದರ ನಿಲುವು. ಅದಕ್ಕೆ ಪರಿಸರ ಮಾಲಿನ್ಯವೂ ಒಂದು ದೊಡ್ಡ ಕಾರಣ.

ಕಿತ್ತುಬಂದ ಹಲ್ಲಿಗೆ ಈಗ ಬಿಳಿ ಕಾಂಪೋಸಿಟ್ ಹಾಕುತ್ತಾರೆ. ಇದು ತಾನಾಗಿ ಹಿಡಿದು ನಿಲ್ಲುವುದಿಲ್ಲ: ಹಲ್ಲಿನ ಮೇಲ್ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ತರಿಯಾಗಿಸಿ, ಅಂಟು ಸವರಿ, ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬುತ್ತ, ಪ್ರತಿ ಪದರವನ್ನೂ ನೀಲಿ ಬೆಳಕಿನಿಂದ ಗಟ್ಟಿ ಮಾಡಬೇಕು. ನಡುವೆ ಒಂದು ಹನಿ ಉಗುಳು ತಾಗಿದರೂ ಅಂಟು ಹಿಡಿಯುವುದಿಲ್ಲ. ಆದ್ದರಿಂದ ಹತ್ತು ನಿಮಿಷದಲ್ಲಿ ಮುಗಿಸಿಕೊಡಿ ಎಂದು ವೈದ್ಯರನ್ನು ಅವಸರಿಸಬೇಡಿ. ವಸಡಿನ ಅಂಚಿನಲ್ಲಿ ಸವೆದ ಹಲ್ಲಿಗೆ ಮತ್ತು ಮಕ್ಕಳ ಹಲ್ಲಿಗೆ ಗ್ಲಾಸ್ ಅಯಾನೊಮರ್ ಸಿಮೆಂಟ್ ಉಪಯುಕ್ತ. ಅದು ಸ್ವಲ್ಪ ತೇವವನ್ನೂ ತಾಳುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಅಗಿಯುವ ಭಾರಕ್ಕೆ ಕಾಂಪೋಸಿಟ್‌ನಷ್ಟು ತಾಳುವುದಿಲ್ಲ. ತುಂಬಿಸಿದ ನಂತರ ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ. ಬಿಸಿಗೆ ನೋವು ಬಂದು ನಿಮಿಷಗಟ್ಟಲೆ ಉಳಿದರೆ, ಅಥವಾ ರಾತ್ರಿ ಎಚ್ಚರಿಸುವಷ್ಟಾದರೆ ಮತ್ತೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ಒಕ್ಕಲುತನ ಮಾಡುತ್ತಾರೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕೆಳಗಿನ ಎಡಭಾಗದ ಕೊನೆಯ ಎರಡು ದವಡೆ ಹಲ್ಲುಗಳನ್ನು ಕೀಳಿಸಿ ಎರಡು ವರ್ಷವಾಯಿತು. ಅದರ ಹಿಂದೆ ಬುದ್ಧಿಹಲ್ಲು ಹುಟ್ಟಿಲ್ಲ. ಕಾಕಾ ಅವರು ತಮಗೆ ಮಾಡಿಸಿದಂತೆ ಬ್ರಿಜ್ ಮಾಡಿಸಿರಿ ಎನ್ನುತ್ತಾರೆ, ದಂತವೈದ್ಯರು ಇಂಪ್ಲಾಂಟ್ ಎನ್ನುತ್ತಾರೆ, ಅಪ್ಪ ಏನೂ ಬೇಡ ಎನ್ನುತ್ತಾರೆ. (ಇಂಡಿ ತಾಲ್ಲೂಕಿನಿಂದ ಒಬ್ಬ ಓದುಗ)

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಏನೂ ಮಾಡಿಸದಿರುವುದೂ ಒಂದು ಆಯ್ಕೆಯೇ. ಅದಕ್ಕೂ ಪರಿಣಾಮಗಳಿವೆ. ಎದುರಿನ ಮೇಲು ದವಡೆಯ ಹಲ್ಲುಗಳು ಒತ್ತಲು ಏನೂ ಇಲ್ಲದೆ ವರ್ಷಗಳುರುಳಿದಂತೆ ಕೆಳಗಿಳಿಯತೊಡಗುತ್ತವೆ. ಒಂದೇ ಮಗ್ಗುಲಿನಿಂದ ಅಗಿಯುವ ರೂಢಿಯಾಗಿ ಬಲಭಾಗದ ಹಲ್ಲುಗಳು ಬೇಗ ಸವೆಯುತ್ತವೆ. ಬೇರಿಲ್ಲದ ಜಾಗದಲ್ಲಿ ದವಡೆಯ ಎಲುಬು ಕರಗುತ್ತ ಹೋಗುತ್ತದೆ. ತಡಮಾಡಿದಷ್ಟೂ ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಇಷ್ಟನ್ನು ತಿಳಿದ ಮೇಲೂ ಅವರು ಬೇಡವೆಂದರೆ, ಉಳಿದ ಹಲ್ಲುಗಳಿಂದ ಊಟ ಸರಿಯಾಗಿ ಸಾಗುತ್ತಿದ್ದರೆ, ಬಲವಂತ ಮಾಡಬೇಕಾಗಿಲ್ಲ.

ಬ್ರಿಜ್ ನಿಲ್ಲಲು ಬಿಟ್ಟ ಜಾಗದ ಎರಡೂ ಬದಿಗೆ ಗಟ್ಟಿ ಹಲ್ಲಿರಬೇಕು. ಆ ಹಲ್ಲುಗಳನ್ನು ಸುತ್ತಲೂ ಅರೆದು ಚಿಕ್ಕದಾಗಿಸಿ, ಅವುಗಳ ಮೇಲೆ ಕೂರುವ ಕ್ಯಾಪ್‌ಗಳಿಗೆ ನಡುವಿನ ಕೃತಕ ಹಲ್ಲನ್ನು ಜೋಡಿಸಿ ಸಿಮೆಂಟಿನಿಂದ ಅಂಟಿಸುತ್ತಾರೆ. ಕಾಕಾ ಅವರಿಗೆ ನಡುವಿನ ಹಲ್ಲು ಹೋಗಿದ್ದಿರಬೇಕು. ನಿಮ್ಮ ತಂದೆಯವರಿಗೆ ಹಿಂಬದಿಯಲ್ಲಿ ಆಸರೆಯೇ ಇಲ್ಲ. ಮುಂದಿನ ಹಲ್ಲಿನ ಮೇಲೆ ಮಾತ್ರ ಭಾರ ಹಾಕಿ ಎರಡು ದವಡೆ ಹಲ್ಲುಗಳನ್ನು ಜೋತುಬಿಟ್ಟರೆ, ಅಗಿದಾಗಲೆಲ್ಲ ಆ ಆಸರೆಯ ಹಲ್ಲು ಮೀಟಿದಂತಾಗಿ ಸಡಿಲವಾಗುತ್ತದೆ. ಆದ್ದರಿಂದ ಇಲ್ಲಿ ಉಳಿಯುವುದು ಎರಡೇ: ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲುಗಳ ಭಾಗಶಃ ಸೆಟ್, ಇಲ್ಲವೇ ಇಂಪ್ಲಾಂಟ್.

ಇಂಪ್ಲಾಂಟ್ ಎಂಬುದು ದವಡೆಯ ಎಲುಬಿನಲ್ಲಿ ಕೂರಿಸುವ ಟೈಟೇನಿಯಂ ಸ್ಕ್ರೂ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವೈದ್ಯ 1952ರಲ್ಲಿ ಮೊಲದ ಎಲುಬಿನ ಅಧ್ಯಯನಕ್ಕಾಗಿ ಟೈಟೇನಿಯಂ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಎಲುಬಿನೊಂದಿಗೆ ಬೆಸೆದುಕೊಂಡು ಬರಲೇ ಇಲ್ಲ. ಅವರು 1965ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಗೆ ಇಂಥ ಹಲ್ಲುಗಳನ್ನು ಕೂರಿಸಿದರು. ಇಂದಿಗೂ ಚಿಕಿತ್ಸೆಯ ಆಧಾರ ಆ ಬೆಸುಗೆಯೇ, ಅದಕ್ಕಾಗಿಯೇ ಕಾಯಬೇಕು: ಸ್ಕ್ರೂ ಕೂರಿಸಿದ ಮೇಲೆ ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು, ಎಲುಬು ಮೃದುವಾಗಿರುವ ಮೇಲ್ದವಡೆಗೆ ಆರು ತಿಂಗಳವರೆಗೂ ಬಿಟ್ಟು, ನಂತರ ಅದರ ಮೇಲೆ ಹಲ್ಲಿನ ಕ್ಯಾಪ್ ಹಾಕುತ್ತಾರೆ. ಕೆಳದವಡೆಯ ಹಿಂಭಾಗದ ಎಲುಬಿನೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಅದರ ಮೇಲೆ ಎಷ್ಟು ಎತ್ತರದ ಎಲುಬು ಉಳಿದಿದೆ ಎಂಬುದನ್ನು ಸಿಬಿಸಿಟಿ ಎಂಬ ಸ್ಕ್ಯಾನಿನಲ್ಲಿ ಅಳೆದ ನಂತರವೇ ಮುಂದುವರಿಯಬೇಕು.

ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ನಿಷಿದ್ಧವಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಮಾತ್ರ ಗಾಯ ಮಾಯುವುದನ್ನು ತಡೆಯುತ್ತದೆ. ಹಿಂದಿನ ದಿನ ಪಥ್ಯ ಮಾಡಿ ಉಪವಾಸದ ರಕ್ತ ಪರೀಕ್ಷೆ ತೋರಿಸಿದರೆ ಸಾಲದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 8ನ್ನು ದಾಟಿದ್ದರೆ ಮೊದಲು ಸಕ್ಕರೆಯನ್ನು ಇಳಿಸಿಕೊಳ್ಳುವುದು ಲೇಸು. ತಂಬಾಕು ಅಥವಾ ಬೀಡಿ ಇದ್ದರೆ ಬಿಡಲೇಬೇಕು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲವಾದರೂ ಸುತ್ತಲಿನ ವಸಡು ಮತ್ತು ಎಲುಬಿಗೆ ಸೋಂಕು ಹಿಡಿಯುತ್ತದೆ; ಬ್ರಷ್ ಮಾಡದವರ ಬಾಯಿಯಲ್ಲಿ ಅದು ಬಾಳುವುದಿಲ್ಲ. ಖರ್ಚಿನಲ್ಲಿ ಸೆಟ್ ಎಲ್ಲಕ್ಕಿಂತ ಅಗ್ಗ, ಇಂಪ್ಲಾಂಟ್ ಎಲ್ಲಕ್ಕಿಂತ ದುಬಾರಿ. ಸ್ಕ್ರೂವಿಗೆ ಎಷ್ಟು, ಕ್ಯಾಪ್‌ಗೆ ಎಷ್ಟು, ಸ್ಕ್ಯಾನಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ನಗರಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಸಮಯ ಹೆಚ್ಚು ಹಿಡಿದರೂ ಅಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ಪ್ರಶ್ನೆ: ನನ್ನ ಕೆಳಗಿನ ಬುದ್ಧಿಹಲ್ಲು ಅಡ್ಡಲಾಗಿ ಮಲಗಿದೆಯಂತೆ. ವರ್ಷದಲ್ಲಿ ಮೂರು ಸಲ ವಸಡು ಬಾತು ಬಾಯಿ ತೆರೆಯಲಾಗಲಿಲ್ಲ. ಆಪರೇಷನ್ ಮಾಡಿಯೇ ತೆಗೆಯಬೇಕು ಎಂದಿದ್ದಾರೆ. ಹಲ್ಲು ತೆಗೆಸಿದರೆ ಕಣ್ಣಿಗೆ ತೊಂದರೆ ಎಂದು ಊರಲ್ಲಿ ಆಯಿ ಅಳುತ್ತಾರೆ. ಮುಂದಿನ ತಿಂಗಳು ಪರೀಕ್ಷೆಯೂ ಇದೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಆಯಿಗೆ ಮೊದಲು ಧೈರ್ಯ ಹೇಳಿ. ಹಲ್ಲುಗಳಿಗೆ ಸ್ಪರ್ಶ ಮತ್ತು ನೋವಿನ ಅರಿವು ಕೊಡುವ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕಿತ್ತದ್ದರಿಂದ ದೃಷ್ಟಿ ಮಂಜಾಗುವುದಿಲ್ಲ. ಹಲ್ಲು ಕೀಳಿಸುವ ವಯಸ್ಸು ಮತ್ತು ಚಾಳೀಸು ಬರುವ ವಯಸ್ಸು ಅನೇಕರಲ್ಲಿ ಒಂದೇ ಆಗಿರುವುದರಿಂದ ಈ ನಂಬಿಕೆ ಬೆಳೆದಿರಬೇಕೆಂದು ನನ್ನ ಊಹೆ.

ಅಡ್ಡ ಬೆಳೆದ ಬುದ್ಧಿಹಲ್ಲನ್ನೆಲ್ಲ ತೆಗೆಯಬೇಕಾಗಿಲ್ಲ. ತೊಂದರೆ ಕೊಡದೆ ಎಲುಬಿನೊಳಗೆ ಮಲಗಿರುವುದನ್ನು ಆಗಾಗ ಎಕ್ಸ್‌ರೇಯಲ್ಲಿ ನೋಡುತ್ತಿದ್ದರೆ ಸಾಕು. ಮತ್ತೆ ಮತ್ತೆ ವಸಡು ಬಾಯುವುದು, ಅದಕ್ಕೋ ಅದರ ಮುಂದಿನ ಹಲ್ಲಿಗೋ ಹುಳುಕು ಹಿಡಿಯುವುದು, ಸುತ್ತ ನೀರುಗಂಟು ಬೆಳೆಯುವುದು ಇವು ತೆಗೆಸಲು ಸರಿಯಾದ ಕಾರಣಗಳು. ನಿಮ್ಮದು ಮೊದಲನೆಯದು. ಊತ ಇರುವಾಗಲೇ ತೆಗೆಯುವುದಕ್ಕಿಂತ ಅದನ್ನು ಇಳಿಸಿಕೊಂಡು ತೆಗೆಯುವುದು ಸುಲಭ.

ಆಪರೇಷನ್ ಎಂಬ ಮಾತಿಗೆ ಹೆದರಬೇಡಿ. ಬಹುಪಾಲು ಇದು ಕುರ್ಚಿಯ ಮೇಲೆ ಕುಳಿತಂತೆಯೇ, ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸ. ವಸಡನ್ನು ಸೀಳಿ ಸರಿಸಿ, ಹಲ್ಲನ್ನು ಮುಚ್ಚಿದ ಎಲುಬನ್ನು ನೀರು ಹನಿಸುತ್ತ ಸ್ವಲ್ಪ ಕೊರೆದು, ಅಡ್ಡ ಹಲ್ಲನ್ನು ಇಡಿಯಾಗಿ ಎಳೆಯದೆ ಎರಡು ಮೂರು ತುಂಡು ಮಾಡಿ ಒಂದೊಂದಾಗಿ ಹೊರತೆಗೆದು ಹೊಲಿಗೆ ಹಾಕುತ್ತಾರೆ. ನೋವು ತಿಳಿಯುವುದಿಲ್ಲ, ಒತ್ತುವುದು, ತಳ್ಳುವುದು ಮತ್ತು ತಲೆಬುರುಡೆಯಲ್ಲೇ ಕೇಳುವ ಕರಕರ ಸದ್ದು ತಿಳಿಯುತ್ತವೆ. ಬೇರಿನ ತುದಿ ದವಡೆಯ ನರಕ್ಕೆ ಹತ್ತಿರವಿದ್ದರೆ ತುಟಿ, ಗದ್ದ ಕೆಲವು ವಾರ ಮರಗಟ್ಟಿದಂತಿರಬಹುದು; ಶಾಶ್ವತವಾಗಿ ಉಳಿಯುವುದು ವಿರಳ. ಇಡೀ ದವಡೆ ತೋರುವ ಒಪಿಜಿ ಎಕ್ಸ್‌ರೇಯನ್ನು ಮುಂದಿಟ್ಟುಕೊಂಡು ಈ ಸಾಧ್ಯತೆ ನಿಮಗೆಷ್ಟಿದೆ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಮನೆಗೆ ಹೋದ ಮೇಲಿನ ಎಚ್ಚರಿಕೆಯೇ ಅರ್ಧ ಚಿಕಿತ್ಸೆ. ಬಾಯಲ್ಲಿಟ್ಟ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಿ. ಮೊದಲ 24 ಗಂಟೆ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾದಿಂದ ಹೀರುವುದು, ಸಿಗರೇಟು ಯಾವುದೂ ಬೇಡ, ಏಕೆಂದರೆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಹೊದಿಕೆ. ಅದು ಕಿತ್ತುಬಂದರೆ ಮೂರನೆಯ ದಿನದ ಹೊತ್ತಿಗೆ ಎಲುಬು ಬರಿದಾಗಿ, ಕಿವಿಯವರೆಗೂ ಸೆಳೆಯುವ ನೋವು ಬರುತ್ತದೆ. ಆಗ ಮಾತ್ರೆ ನುಂಗುತ್ತ ಮನೆಯಲ್ಲಿ ಕೂರದೆ ಮತ್ತೆ ಹೋಗಿ ಔಷಧದ ಪಟ್ಟಿ ಇಡಿಸಿಕೊಳ್ಳಬೇಕು. ಮೊದಲ ದಿನ ಗಲ್ಲದ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಆರಿದ ಅಂಬಲಿ, ಮೆತ್ತಗಿನ ಮೊಸರನ್ನ, ಜೋಳದ ನುಚ್ಚು ಮಜ್ಜಿಗೆ ಉಣ್ಣಬಹುದು. ಶೇಂಗಾ, ಚುರುಮುರಿ, ಖಾರಬ್ಯಾಳಿಗಳಿಂದ ವಾರವಾದರೂ ದೂರವಿರಿ. ಊತ ಎರಡನೆಯ, ಮೂರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುವುದು ಸಹಜ. ಇಳಿಯುವ ಬದಲು ಏರುತ್ತ ಹೋಗಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಬೇಕು. ಹೊಲಿಗೆ ತೆಗೆಯಲು ವಾರ ಬೇಕು, ಆದ್ದರಿಂದ ಈಗ ಊತವಿಲ್ಲದಿದ್ದರೆ ಪರೀಕ್ಷೆ ಮುಗಿದ ಮೇಲೆಯೇ ದಿನ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಮಗಳಿಗೆ 16 ವರ್ಷ. ಹಲ್ಲುಗಳ ಮೇಲೆ ಕಂದು ಗೆರೆ, ಬಿಳಿ ಮಚ್ಚೆಗಳಿವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ನಮ್ಮ ಬೋರ್‌ವೆಲ್ ನೀರೇ ಕಾರಣವೇ? (ಗೃಹಿಣಿ, ಇಳಕಲ್ ಸಮೀಪದ ಹಳ್ಳಿ)

ಉತ್ತರ: ನಿಮ್ಮ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅದೇ ಕಾರಣವಿರುವ ಸಾಧ್ಯತೆ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಪ್ಪಬಹುದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಎಂಬುದು ಭಾರತೀಯ ಮಾನಕ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅತಿಯಾದ ಫ್ಲೋರೈಡ್ ದೇಹ ಸೇರಿದರೆ ಎನಾಮೆಲ್ ಹೀಗೆ ಕೆಡುತ್ತದೆ. ಇದು ಕೊಳೆಯಲ್ಲವಾದ್ದರಿಂದ ಎಷ್ಟು ತಿಕ್ಕಿದರೂ ಹೋಗದು. ಇದ್ದಿಲು, ಇಟ್ಟಿಗೆ ಪುಡಿಗಳಿಂದ ತಿಕ್ಕಿದರೆ ಒಳ್ಳೆಯ ಭಾಗವೂ ಸವೆಯುತ್ತದೆ.

ಮೇಲ್ಪದರದ ಕಂದು ಗೆರೆಯನ್ನು ಆಮ್ಲ ಮತ್ತು ನುಣ್ಣನೆಯ ಪುಡಿಯ ಲೇಪದಿಂದ ಕೂದಲೆಳೆಯಷ್ಟು ಉಜ್ಜಿ ತೆಗೆಯುವ ಚಿಕಿತ್ಸೆಯಿಂದ ಆರಂಭಿಸಿ. ಸಾಧಾರಣ ಕಲೆಗಳು ಅದರಿಂದಲೇ ಬಹಳಷ್ಟು ತಿಳಿಯಾಗುತ್ತವೆ, ಬೇಕಾದರೆ ಜೊತೆಗೆ ಬ್ಲೀಚಿಂಗ್ ಮಾಡಬಹುದು. ಎನಾಮೆಲ್ ಗುಳಿಬಿದ್ದಿದ್ದರೆ ಕಾಂಪೋಸಿಟ್ ತುಂಬಬಹುದು. ಹಲ್ಲಿನ ಮುಖಕ್ಕೆ ಪಿಂಗಾಣಿಯ ತೆಳು ಪದರ ಅಂಟಿಸುವ ವಿನಿಯರ್ ಚೆಂದ ಕಾಣುತ್ತದೆ, ಆದರೆ ಅದಕ್ಕಾಗಿ ಅರೆದ ಎನಾಮೆಲ್ ಮತ್ತೆ ಬರುವುದಿಲ್ಲ. 16ರ ವಯಸ್ಸಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ನೀರನ್ನು ಈಗಲೇ ಬದಲಿಸಿ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಶುದ್ಧೀಕರಿಸಿದ ನದಿ ನೀರು ಅಥವಾ ಆರ್‌ಒ ಘಟಕದ ನೀರು ಕುಡಿಸಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 63 ವರ್ಷ, ಚಿಕ್ಕಂದಿನಿಂದ ಮಿಶ್ರಿ ಹಚ್ಚುತ್ತಾರೆ. ಹಲ್ಲುಗಳು ಅಲ್ಲಾಡುತ್ತಿವೆ. ಸ್ವಚ್ಛ ಮಾಡಿಸಿ ವಸಡಿನ ಆಪರೇಷನ್ ಮಾಡಿಸಬೇಕು ಎಂದಿದ್ದಾರೆ. ಸ್ವಚ್ಛ ಮಾಡಿಸಿದರೆ ಇದ್ದ ಹಲ್ಲೂ ಸಡಿಲಾಗುತ್ತವೆ ಎಂದು ಅತ್ತೆ ಒಪ್ಪುತ್ತಿಲ್ಲ. (ನಿಪ್ಪಾಣಿಯಿಂದ ಒಬ್ಬ ಓದುಗಿ)

ಉತ್ತರ: ಅತ್ತೆಯವರು ಹೇಳುವುದು ಕಣ್ಣಿಗೆ ಕಂಡದ್ದನ್ನೇ, ಆದರೆ ಕಾರಣ ಬೇರೆ. ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ಕಲ್ಲಿನಂತೆ ಗಟ್ಟಿಯಾಗಿ ಕಟ್ಟಿದ ಕೊಳೆ, ಅಂದರೆ ಗಾರೆ, ವಸಡನ್ನು ಕೆಳಗೆ ತಳ್ಳಿ, ಬೇರಿನ ಸುತ್ತಲಿನ ಎಲುಬನ್ನು ಕರಗಿಸಿರುತ್ತದೆ. ಸಡಿಲವಾದ ಕಲ್ಲುಗಳ ಸಂದಿಗೆ ಮಣ್ಣು ಮೆತ್ತಿದಂತೆ ಆ ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲು ಬಯಲಾಗುತ್ತದೆ. ವಸಡಿನ ಆಪರೇಷನ್ನಿನಲ್ಲಿ ಇಂಜೆಕ್ಷನ್ ಕೊಟ್ಟು, ವಸಡನ್ನು ಬಿಡಿಸಿ, ಕಣ್ಣಿಗೆ ಕಾಣದ ಆಳದ ಗಾರೆಯನ್ನು ಬೇರಿನ ಮೇಲಿಂದ ಕೆರೆದು, ಎಲುಬು ಗುಳಿಬಿದ್ದಲ್ಲಿ ಬೇಕಾದರೆ ಎಲುಬಿನ ಪುಡಿ ತುಂಬಿ ಹೊಲಿಯುತ್ತಾರೆ. ಸ್ವಲ್ಪ ಅಲ್ಲಾಡುವ ಹಲ್ಲುಗಳು ಇದರಿಂದ ಹಲವು ವರ್ಷ ಉಳಿಯಬಹುದು. ಒತ್ತಿದರೆ ಮೇಲೆ ಕೆಳಗೂ ಆಡುವ ಹಲ್ಲನ್ನು ಉಳಿಸಲು ಹಣ ಹಾಕುವುದರಲ್ಲಿ ಅರ್ಥವಿಲ್ಲ. ಅದನ್ನು ಕೀಳಿಸುವುದೇ ಒಳ್ಳೆಯದು.

ಮಿಶ್ರಿ ಸುಟ್ಟ ತಂಬಾಕಿನ ಪುಡಿ, ಹಲ್ಲುಪುಡಿಯಲ್ಲ. ತಂಬಾಕು ಬೆಳೆಯುವ ನಿಮ್ಮ ಸೀಮೆಯಲ್ಲಿ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಅದನ್ನು ಬಿಡದೆ ಮಾಡಿದ ವಸಡಿನ ಆಪರೇಷನ್ ಬಹುಕಾಲ ನಿಲ್ಲದು. ಇದೇ ಭೇಟಿಯಲ್ಲಿ ಅವರ ಗಲ್ಲದ ಒಳಭಾಗ, ನಾಲಿಗೆಯ ಅಂಚು, ವಸಡುಗಳನ್ನು ಪೂರ್ತಿ ನೋಡಲು ಹೇಳಿ. ಬಿಳಿ ಅಥವಾ ಕೆಂಪು ಪಟ್ಟಿ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಹಲ್ಲಿನ ಕೆಲಸವನ್ನೆಲ್ಲ ಬದಿಗಿಟ್ಟು ಮೊದಲು ಅದರ ತುಣುಕಿನ ಪರೀಕ್ಷೆ (ಬಯಾಪ್ಸಿ) ಆಗಬೇಕು.

ಪ್ರಶ್ನೆ: ಒಂಬತ್ತು ವರ್ಷದ ಮಗ ಬಿದ್ದು ಮೇಲಿನ ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂತು. ಅದನ್ನು ಎಸೆದುಬಿಟ್ಟೆವು. ಮತ್ತೆ ಹುಟ್ಟುವುದೇ? (ಮುಧೋಳ)

ಉತ್ತರ: ಆ ವಯಸ್ಸಿಗೆ ಮೇಲಿನ ಮುಂಬಾಯಿ ಹಲ್ಲು ಸಾಮಾನ್ಯವಾಗಿ ಶಾಶ್ವತ ಹಲ್ಲೇ, ಆದ್ದರಿಂದ ಮತ್ತೆ ಹುಟ್ಟುವುದಿಲ್ಲ. ದವಡೆ ಬೆಳೆಯುತ್ತಿರುವಾಗ ಇಂಪ್ಲಾಂಟ್ ಹಾಕಬಾರದು. ಬೆಳವಣಿಗೆ ನಿಲ್ಲುವವರೆಗೆ ಜಾಗ ಮುಚ್ಚಿಹೋಗದಂತೆ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲನ್ನು ಮಾಡಿಸಿ, ಬೆಳೆದಂತೆ ಬದಲಿಸುತ್ತಿರಿ. ಬೇರೆ ತಂದೆತಾಯಿಗಳಿಗಾಗಿ ಹೇಳುತ್ತೇನೆ: ಬಿದ್ದ ಹಲ್ಲನ್ನು ಬೇರು ಮುಟ್ಟದೆ ಮೇಲ್ಭಾಗದಿಂದ ಹಿಡಿದೆತ್ತಿ, ಮಣ್ಣಾಗಿದ್ದರೆ ತಿಕ್ಕದೆ ಒಮ್ಮೆ ತೊಳೆದು, ಸಾಧ್ಯವಾದರೆ ಅದೇ ಕುಳಿಯಲ್ಲಿ ಕೂರಿಸಿ, ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಕೊಂಡು ಅರ್ಧ, ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಎಷ್ಟೋ ಸಲ ಅದೇ ಹಲ್ಲು ಮತ್ತೆ ನಿಲ್ಲುತ್ತದೆ. ಹಾಲುಹಲ್ಲನ್ನು ಮಾತ್ರ ಹೀಗೆ ಕೂರಿಸಬಾರದು.

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗಿಸುವ ಎರಡು ಮಾತ್ರೆ ನುಂಗುತ್ತೇನೆ. ಹಲ್ಲು ಕೀಳಿಸಲು ನಾಲ್ಕು ದಿನ ಮಾತ್ರೆ ನಿಲ್ಲಿಸಲೇ? (ನಿವೃತ್ತ ನೌಕರ, ಮುದ್ದೇಬಿಹಾಳ)

ಉತ್ತರ: ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಹಲ್ಲಿನ ಕುಳಿಯ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು. ಒಂದೆರಡು ಹಲ್ಲುಗಳನ್ನು ಸಾಮಾನ್ಯವಾಗಿ ಮಾತ್ರೆ ನಡೆಯುತ್ತಿರುವಾಗಲೇ ಕೀಳುತ್ತಾರೆ. ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು ಎಂಬುದನ್ನು ತಿಳಿಸಿ, ಹೃದಯ ತಜ್ಞರ ಲಿಖಿತ ಒಪ್ಪಿಗೆಯೊಂದಿಗೆ ಬೆಳಗಿನ ಹೊತ್ತಿಗೆ ಹೋಗಿ. ಎಲುಬು ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಇಂಜೆಕ್ಷನ್ ತೆಗೆದುಕೊಂಡವರು, ಹೃದಯದ ಕವಾಟ ಬದಲಿಸಿಕೊಂಡವರು ಕೂಡ ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ಹೇಳಬೇಕು.

ಪ್ರಶ್ನೆ: ಜಾತ್ರೆಯಲ್ಲಿ ಒಬ್ಬರು ಹತ್ತು ನಿಮಿಷದಲ್ಲಿ ಮುಂದಿನ ಹಲ್ಲು ಕೂರಿಸಿಕೊಟ್ಟರು. ತೆಗೆಯಲು ಬರುವುದಿಲ್ಲ. ಈಗ ವಸಡಿನಿಂದ ರಕ್ತ, ದುರ್ವಾಸನೆ. (ನೇಕಾರ, ಬನಹಟ್ಟಿ)

ಉತ್ತರ: ಇದನ್ನು ಕೂಡಲೇ ತೆಗೆಸಬೇಕು. ಇಂಥವರು ಬಾಯಿಯಲ್ಲೇ ಗಟ್ಟಿಯಾಗುವ ಪ್ಲಾಸ್ಟಿಕ್ ಹಿಟ್ಟನ್ನು ಹಸಿಯಾಗಿಯೇ ವಸಡಿನ ಮೇಲೆ ಒತ್ತಿ, ಅಕ್ಕಪಕ್ಕದ ಹಲ್ಲುಗಳಿಗೆ ತಂತಿ ಬಿಗಿಯುತ್ತಾರೆ. ಗಟ್ಟಿಯಾಗುವಾಗಿನ ಕಾವು ಮತ್ತು ರಾಸಾಯನಿಕ ವಸಡನ್ನು ಸುಡುತ್ತವೆ. ಆಮೇಲೆ ಬ್ರಷ್ ಹೋಗದ ಆ ಸಂದಿಯಲ್ಲಿ ಅನ್ನದ ಅಗುಳು ಕೊಳೆಯುತ್ತದೆ. ಕತ್ತರಿಸಿ ತೆಗೆದಾಗ ಅಡಿಯಲ್ಲಿ ಬಿಳಿ ಲೋಳೆಯ ಪದರ, ಅದರಡಿಯಲ್ಲಿ ಮುಟ್ಟಿದರೆ ರಕ್ತ ಜಿನುಗುವ ಕಡುಗೆಂಪು ವಸಡು, ತಂತಿ ಕೊರೆದ ಗಾಯವಾದ ಎರಡು ಒಳ್ಳೆಯ ಹಲ್ಲುಗಳು ಇವೇ ಸಾಮಾನ್ಯವಾಗಿ ಸಿಗುತ್ತವೆ. ತಡವಾದರೆ ಒಂದರ ಬದಲು ಮೂರು ಹಲ್ಲು ಕಟ್ಟಿಸಬೇಕಾದೀತು. ಹಲ್ಲಿನ ಚಿಕಿತ್ಸೆ ಮಾಡುವವರು ನೋಂದಾಯಿತ ದಂತವೈದ್ಯರಾಗಿರಬೇಕೆಂಬ ಕಾನೂನು 1948ರಿಂದಲೇ ಇದೆ. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದ ವೈದ್ಯರು ಸಿಟ್ಟಾಗುವುದಿಲ್ಲ.

ಪ್ರಶ್ನೆ: ನಮ್ಮ ಮುತ್ಯಾನಿಗೆ ಪೂರ್ಣ ಹಲ್ಲಿನ ಸೆಟ್ ಮಾಡಿಸಿ ಆರು ವರ್ಷವಾಯಿತು. ಈಗ ಕೆಳಗಿನದು ಮಾತಾಡುವಾಗಲೂ ಎದ್ದೇಳುತ್ತದೆ. (ಬೈಲಹೊಂಗಲ)

ಉತ್ತರ: ಸೆಟ್ ಬದಲಾಗಿಲ್ಲ, ಅದರಡಿಯ ಎಲುಬು ಕರಗಿ ಅಳತೆ ತಪ್ಪಿದೆ. ಕೆಳಗಿನದಕ್ಕೆ ಹಿಡಿತ ಕಡಿಮೆಯಾದ್ದರಿಂದ ಅದೇ ಮೊದಲು ಸಡಿಲಾಗುತ್ತದೆ. ಹಲ್ಲುಗಳು ಇನ್ನೂ ಸವೆದಿರದಿದ್ದರೆ ಒಳಮೈಗೆ ಹೊಸ ಪದರ ಕೊಡಿಸಿದರೆ ಸಾಕು, ಸವೆದಿದ್ದರೆ ಹೊಸದೇ ಬೇಕು. ಅನುಕೂಲವಿದ್ದು ಆರೋಗ್ಯವೂ ಒಪ್ಪಿದರೆ, ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಕೂರಿಸಿ, ಸೆಟ್ಟನ್ನು ಗುಂಡಿಯಂತೆ ಅವುಗಳಿಗೆ ಸಿಕ್ಕಿಸುವ ಏರ್ಪಾಡು ತುಂಬ ನೆಮ್ಮದಿ ಕೊಡುತ್ತದೆ. ರಾತ್ರಿ ಸೆಟ್ ತೆಗೆದು ತಣ್ಣೀರಿನಲ್ಲಿಡಬೇಕು, ಕುದಿಯುವ ನೀರಿನಲ್ಲಿ ತೊಳೆದರೆ ಅದು ಸೊಟ್ಟಗಾಗುತ್ತದೆ. ಒತ್ತುವ ಕಡೆ ಮನೆಯಲ್ಲೇ ಚಾಕುವಿನಿಂದ ಕೆರೆಯಬೇಡಿ. ವೈದ್ಯರಲ್ಲಿಗೆ ಹೋಗುವ ಒಂದೆರಡು ದಿನ ಮೊದಲಿನಿಂದ ಸೆಟ್ಟನ್ನು ಆದಷ್ಟು ಕಡಿಮೆ ಹಾಕಿಕೊಂಡರೆ ಒತ್ತಿದ ವಸಡು ಸಹಜ ಸ್ಥಿತಿಗೆ ಬಂದು ಅಳತೆ ಸರಿಯಾಗಿ ಸಿಗುತ್ತದೆ. ಹೋಗುವಾಗ ಹಳೆಯ ಸೆಟ್ಟನ್ನು ತಪ್ಪದೆ ಜೊತೆಗೆ ಒಯ್ಯಿರಿ.